ಸೇಸಮ್ಮ ಬಂದ ಪೀರಿಯಡ್

ಪಾಣೆಮಂಗಳೂರು
೧೮ ಜುಲೈ ೨೦೨೪

ಪ್ರಿಯ ಶುಭಾ,

ಮೂಡುಬಿದಿರೆಯಲ್ಲಿ ಬಿ.ಎಡ್. ಮಾಡುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಬಕೆಟನ್ನು ಹಂಚಿಕೊಂಡವರು. ಅಂದಿನಿಂದ ನಿನಗೆ ಒಂದು ಪತ್ರವನ್ನೂ ನಾನು ಬರೆದದ್ದಿಲ್ಲ. ಈಗ ಬರೆಯುವುದಕ್ಕೆ ಕಾರಣ, ನಾನು ಶಾಲೆಯ ಯಾರಿಗೂ ಫೋನ್ ಮಾಡಬಾರದಂತೆ. ಸಂಚಾಲಕ ಪರಮೇಶ್ವರಣ್ಣ ಹೇಳಿ ಕಳಿಸಿದ್ದಾರೆ. ಅಂಚೆ ಎಂಬುದೊಂದು ಇನ್ನೂ ಇದೆ ಎಂದು ಅವರಿಗೆ ಹೊಳೆದ ಹಾಗಿಲ್ಲ. ಎದುರಿಗಿದ್ದರೆ ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು, ಬೈದಾಡುವುದೂ ಅದರಲ್ಲೇ. ಕಾಗದದಲ್ಲಿ ಕನ್ನಡ ಬರೆಯುವಾಗ ಸ್ವಲ್ಪ ಮರ್ಯಾದೆ ಹೆಚ್ಚಾದರೆ ಸಹಿಸಿಕೋ.

ನನ್ನನ್ನು ರಜೆಯ ಮೇಲೆ ಮನೆಯಲ್ಲಿ ಕೂರಿಸಿದ್ದಾರೆ. ಮುಂದಿನ ತಿಂಗಳು ಮೂಡುಬಿದಿರೆಯಲ್ಲಿ, ಶಾಲೆ ನಡೆಸುವ ಟ್ರಸ್ಟಿನ ಕಚೇರಿಯಲ್ಲಿ ವಿಚಾರಣೆ. ಅಲ್ಲಿ ಹೇಳಬೇಕಾದ್ದನ್ನು ಮೊದಲು ನಿನ್ನ ಮುಂದೆ ಹೇಳಿ ನೋಡುತ್ತೇನೆ. ನೀನು ಈಗ ನಮ್ಮ ಶಾಲೆಯ ಮುಖ್ಯ ಶಿಕ್ಷಕಿ, ತಪ್ಪಿದ್ದರೆ ತಿದ್ದು.

ಒಂಬತ್ತನೇ ತರಗತಿಗೆ ಅಮೆರಿಕದ ಕಪ್ಪು ಜನರ ಪಾಠ ಮಾಡುತ್ತಿದ್ದೆ. ಬಸ್ಸಿನಲ್ಲಿ ಅವರಿಗೆ ಹಿಂದಿನ ಸೀಟು, ಕುಡಿಯುವ ನೀರಿಗೆ ಬೇರೆ ನಲ್ಲಿ, ಮಕ್ಕಳಿಗೆ ಬೇರೆ ಶಾಲೆ. ತರಗತಿಗೇ ಸಿಟ್ಟು ಬಂತು. ಎಂಥ ಜನ ಇವರು ಎಂದು ಒಬ್ಬ ಹುಡುಗಿ ಇಡೀ ಅಮೆರಿಕವನ್ನು ಬೈದಳು. ಆಮೇಲೆ ಅವಳೇ, “ನಮ್ಮಲ್ಲಿ ಇಂಥದ್ದು ಇರಲಿಲ್ಲ ಅಲ್ವಾ ಟೀಚರ್?” ಎಂದು ಕೇಳಿದಳು. ಇತ್ತು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಗೊತ್ತಿರಲಿಲ್ಲ.

ಸಂಜೆ ನಿನ್ನನ್ನು ಕೇಳಿದೆ. ಅಜಲು ಎಂದರೇನೆಂದು ನನಗೆ ಬಿಡಿಸಿ ಹೇಳಿದವಳು ನೀನು. ಅಳದಂಗಡಿಯ ಅಜ್ಜಿಮನೆಯಲ್ಲಿ ಚಿಕ್ಕವಳಿರುವಾಗ ನೀನು ಕಂಡದ್ದನ್ನು ಹೇಳಿದೆ. ಸೀಮಂತದ ದಿನ ಅನ್ನದಲ್ಲಿ ಬಸುರಿಯ ಕೂದಲು, ಉಗುರು ಬೆರೆಸಿ ಕೊರಗ ಸಮುದಾಯದವರಿಗೆ ತಿನ್ನಲು ಕೊಡುವುದು, ಮಗುವಿಗೆ ಬರುವ ಕೇಡು ತಿಂದವರಿಗೆ ಹೋಗಲಿ ಎಂದು. ಹಬ್ಬವಿದ್ದರೆ ಡೋಲು ಬಡಿಯಲು ಕರೆಸಿ, ದನದ ಹಟ್ಟಿಯ ಆಚೆ ಊಟಕ್ಕೆ ಎಲೆ ಹಾಕುವುದು. ಇದನ್ನೆಲ್ಲ ಎರಡು ಸಾವಿರನೇ ಇಸವಿಯಲ್ಲಿ ಕಾನೂನು ಮಾಡಿ ನಿಷೇಧಿಸಿದ್ದಾರೆ ಎಂದು ಹೇಳಿದವಳೂ ನೀನು. “ನಾವು ಹೇಳಿದರೆ ಮಕ್ಕಳು ಕಥೆ ಅಂದುಕೊಳ್ತಾರೆ, ಅಜ್ಜಿಮನೆಗೆ ಬರ್ತಿದ್ದ ಕೊರಗರ ಸೇಸಮ್ಮನನ್ನೇ ಕರೆಯುವ” ಎಂದವಳೂ ನೀನು. ಆದಿತ್ಯವಾರ ನಿನ್ನ ಸ್ಕೂಟರಿನಲ್ಲಿ ಇಬ್ಬರೂ ಅವರ ಮನೆಗೆ ಹೋಗಿ ಕರೆದು ಬಂದೆವು.

ಸೇಸಮ್ಮ ಬಂದರು. ಕುರ್ಚಿಯಲ್ಲಿ ಕೂತು ಮಾತಾಡಿದರು. “ನಮ್ಮವರು ತಿಂದರು. ಆ ಮನೆಯ ಮಕ್ಕಳು ಚೆನ್ನಾಗಿ ಬೆಳೆದರು. ಒಬ್ಬ ಡಾಕ್ಟ್ರು ಆಗಿದ್ದಾನೆ, ಜ್ವರ ಬಂದರೆ ನಾನು ಅವನ ಹತ್ತಿರವೇ ಹೋಗ್ತೇನೆ” ಎಂದರು. ಮಕ್ಕಳು ನಕ್ಕರು, ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡರು. ಅಂಥ ಪೀರಿಯಡ್ ನನ್ನ ಕೆಲಸದ ಅವಧಿಯಲ್ಲಿ ಇನ್ನೊಂದಿಲ್ಲ.

ಯಾರೋ ಮೊಬೈಲಿನಲ್ಲಿ ತೆಗೆದು ಊರೆಲ್ಲ ಹರಿಯಬಿಟ್ಟ ವಿಡಿಯೋದಲ್ಲಿ ಅವರಿದ್ದಾರೆ, ಪಕ್ಕದಲ್ಲಿ ತಲೆಗೆ ಶಾಲು ಹಾಕಿದ ನಾನಿದ್ದೇನೆ. ಬಾಗಿಲಲ್ಲಿ ನಿಂತಿದ್ದ ನೀನು ಇಲ್ಲ. ಹಿಂದೂ ಮನೆಗಳ ಮಾನ ಕಳೆದ ಟೀಚರ್ ಎಂದು ಅದರ ಕೆಳಗೆ ಬರೆದದ್ದು ನನ್ನ ಬಗ್ಗೆ ಮಾತ್ರ. ಅದು ಯಾಕೆಂದು ನಮಗಿಬ್ಬರಿಗೂ ಗೊತ್ತು.

ಹೇಳಬೇಕಾದ್ದು ಇಷ್ಟೇ. ಏನಾದರೂ ಬಿಟ್ಟುಹೋಗಿದ್ದರೆ ತಿಳಿಸು.

ನಿನ್ನದೇ,
ಫರ್ಹಾನ


ಬೆಳ್ತಂಗಡಿ
೨೯ ಜುಲೈ ೨೦೨೪

ಪ್ರೀತಿಯ ಫರ್ಹಾನ,

ನಿನ್ನ ಪತ್ರ ನನ್ನ ಕೈಗೆ ಬರುವ ಮೊದಲು ಹರಿಪ್ರಸಾದರ ಕೈಗೆ ಬಂತು. ಗಂಡ ತಾನೇ, ಒಡೆದು ಓದಿದರು. ಓದಿ, “ಈ ಟೀಚರು ನಿನ್ನನ್ನೂ ಹೊಂಡಕ್ಕೆ ಎಳೀತಾರೆ” ಎಂದಷ್ಟೇ ಹೇಳಿ ತೋಟಕ್ಕೆ ಹೋದರು. ಇನ್ನು ಮುಂದೆ ಅಳದಂಗಡಿಗೆ, ಅಮ್ಮನ ವಿಳಾಸಕ್ಕೆ ಬರೆ. ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ.

ಇಲ್ಲಿಯ ಗಲಾಟೆ ನಿನಗೆ ಅರ್ಥವಾಗಬೇಕು. ಹೆತ್ತವರ ಸಭೆಯಲ್ಲಿ ಕುರ್ಚಿ ಸಾಲದೆ ಜನ ಜಗಲಿಯಲ್ಲಿ ನಿಂತಿದ್ದರು. “ಮಕ್ಕಳನ್ನು ಕಲೀಲಿಕ್ಕೆ ಕಳಿಸೋದು ನಾವು, ಅಜ್ಜ ಅಜ್ಜಿಯ ಮೇಲೆ ಕೇಸು ಹಾಕ್ಲಿಕ್ಕೆ ಅಲ್ಲ” ಎಂದು ಒಬ್ಬರು ಮೇಜು ಗುದ್ದಿದರು. ಅವರ ಮೇಲೆ ನನಗೆ ಸಿಟ್ಟೇ ಬಂತು. ಆದರೆ ಒಬ್ಬಳು ತಾಯಿ ಮೆಲ್ಲಗೆ ಎದ್ದು, “ನನ್ನ ಮಗಳು ಅಜ್ಜಿ ಬಡಿಸಿದ್ರೆ ಊಟ ಮಾಡುವುದಿಲ್ಲ. ನೀವೂ ಉಗುರು ಹಾಕಿ ಕೊಟ್ಟಿದ್ದೀರಾ ಅಂತ ಕೇಳ್ತಾಳೆ. ಅತ್ತೆ ಕಣ್ಣೀರು ಹಾಕ್ತಾರೆ. ನಾನೇನು ಮಾಡ್ಲಿ ಟೀಚರ್?” ಎಂದಳು. ನನ್ನ ಅಜ್ಜಿಯೂ ಕೆಟ್ಟವಳಾಗಿರಲಿಲ್ಲ, ಫರ್ಹಾನ. ನಮ್ಮನ್ನೆಲ್ಲ ಎತ್ತಿ ಆಡಿಸಿದ ಕೈ ಅದು.

ನೀನು ಬರೆದದ್ದರಲ್ಲಿ ಸುಳ್ಳು ಇಲ್ಲ. ಆದರೆ ನನ್ನ ಹೆಸರು ಎತ್ತುವುದರಿಂದ ನಿನಗೆ ಏನು ಸಿಗುತ್ತದೆ ಎಂದು ಯೋಚನೆ ಮಾಡು. ನನ್ನದು ಪ್ರಭಾರ ಹುದ್ದೆ, ದಸರಾದ ಹೊತ್ತಿಗೆ ಖಾಯಂ ಮಾಡುವ ಮಾತಿದೆ. ನಾನು ಒಳಗೆ ಇದ್ದರೆ ನಿನಗಾಗಿ ಏನಾದರೂ ಮಾಡಬಹುದು. ಇಬ್ಬರನ್ನೂ ಹೊರಗೆ ಹಾಕಿದರೆ ಆ ಮಕ್ಕಳಿಗೆ ಯಾರಿದ್ದಾರೆ?

ಒಂದು ಕ್ಷಮೆಯ ಪತ್ರ ಬರೆದುಬಿಡು. ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದರೆ ಸಾಕು, ಅದರಲ್ಲಿ ಪಾಠ ತಪ್ಪು ಎಂದು ಎಲ್ಲಿ ಬಂತು? ನಿನ್ನ ಉಮ್ಮನಿಗೆ ಕೇಳಿದೆನೆಂದು ಹೇಳು.

ಪ್ರೀತಿಯಿಂದ,
ಶುಭಶ್ರೀ


ಪಾಣೆಮಂಗಳೂರು
೧೧ ಆಗಸ್ಟ್ ೨೦೨೪

ಶುಭಾ,

ಮೂಡುಬಿದಿರೆಯಲ್ಲಿ ನಿನ್ನೆ ನಡೆದದ್ದನ್ನು ನಿನಗೆ ಹೇಳಬೇಕಾಗಿಲ್ಲ, ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ. ನೀನು ಅಲ್ಲಿ ಬರೆದುಕೊಂಡ ನಡಾವಳಿಯಲ್ಲಿ ಇದೆಲ್ಲ ಇರಲಿಕ್ಕಿಲ್ಲ.

“ನಿಮಗೆ ಬ್ಯಾರಿಗಳಿಗೆ, ಮುಸ್ಲಿಮರಿಗೆ, ಇದೆಲ್ಲ ಯಾಕೆ ಟೀಚರ್? ಇದು ನಮ್ಮ ಒಳಗಿನ ವಿಷಯ” ಎಂದರು ಪರಮೇಶ್ವರಣ್ಣ. ಅವರ ದನಿ ಬಹಳ ಮೃದು. ಬೈಯುವವರನ್ನು ನಾನು ಎದುರಿಸಬಲ್ಲೆ, ಹೀಗೆ ಸಕ್ಕರೆ ಹಾಕಿ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ. “ಒಳಗಿನ ವಿಷಯ ಆದ್ರೆ ಅವರಿಗೆ ಹೊರಗೆ ಊಟ ಹಾಕಿದ್ದು ಯಾಕೆ ಸರ್?” ಎಂದೆ. ಆ ಮಾತು ಬೇಡವಾಗಿತ್ತೆಂದು ನಿನಗೆ ಅನ್ನಿಸಿರಬಹುದು. ನನಗೂ ಹೊರಗೆ ಬಂದ ಮೇಲೆ ಅನ್ನಿಸಿತು, ಒಂದು ಗಳಿಗೆ ಮಾತ್ರ.

“ನಿಮ್ಮಲ್ಲಿ ಮೇಲು ಕೀಳು ಇಲ್ವಾ?” ಎಂದು ಇನ್ನೊಬ್ಬರು ಕೇಳಿದರು. “ಉಂಟು. ಮಕ್ಕಳು ಕೇಳಿದ್ರೆ ಅದನ್ನೂ ಪಾಠ ಮಾಡ್ತೇನೆ” ಎಂದೆ. ಅದು ಅವರಿಗೆ ಬೇಕಾದ ಉತ್ತರವಾಗಿರಲಿಲ್ಲ.

ಆಮೇಲೆ ಆ ಪ್ರಶ್ನೆ ಬಂತು. “ಈ ಹೆಂಗಸನ್ನು ಕರೆಸುವ ಐಡಿಯಾ ನಿಮಗೆ ಕೊಟ್ಟದ್ದು ಯಾರು? ಯಾವ ಸಂಘಟನೆ?” ನಾನು ಬಾಯಿ ಮುಚ್ಚಿ ಕೂತೆ. ಉತ್ತರ ನನ್ನಲ್ಲಿ ಇಲ್ಲದೆ ಅಲ್ಲ. ನಿನಗೆ ಹೇಳಲು ಜಾಗ ಬಿಟ್ಟೆ. ನೀನು ತಲೆ ಎತ್ತದೆ ಬರೆಯುತ್ತಲೇ ಇದ್ದೆ. ಯಾರೂ ಮಾತಾಡದೆ ಇರುವಾಗ ಅಷ್ಟೊಂದು ಬರೆಯಲು ಏನಿತ್ತು ಶುಭಾ?

“ಸಂಘಟನೆ ಇಲ್ಲ, ನಾನೇ” ಎಂದೆ.

ಕ್ಷಮೆಯ ಪತ್ರವನ್ನು ಅವರೇ ಟೈಪ್ ಮಾಡಿಸಿ ಇಟ್ಟಿದ್ದರು. ‘ದುರುದ್ದೇಶದಿಂದ’ ಎಂಬ ಮಾತು ಅದರಲ್ಲಿತ್ತು. ನಾನು ಸಹಿ ಹಾಕಲಿಲ್ಲ. ಮನೆಗೆ ಬಂದಾಗ ಉಮ್ಮ ಬಾಗಿಲಲ್ಲೇ, “ನಮಗೆ ಯಾಕೆ ಮೋಳೇ ಅವರ ವಿಷಯ? ನಾಳೆ ಬಾಪನ ಅಂಗಡಿಗೆ ಕಲ್ಲು ಬಿದ್ರೆ ಯಾರು ಬರ್ತಾರೆ?” ಎಂದರು. ನಮ್ಮ ಉಮ್ಮ ನಫೀಸಮ್ಮನಿಗೆ ಸಿಟ್ಟು ಬಂದರೆ ಊರಿಗೇ ಕೇಳಬೇಕು. ನಿನ್ನೆ ಮೆಲ್ಲಗೆ ಹೇಳಿದರು, ಹೆದರಿದ್ದಾರೆ.

ನಿನ್ನ ಹೆಸರು ಹೇಳಲಿಲ್ಲ. ಅದು ನಿನಗೆ ಮಾಡಿದ ಉಪಕಾರ ಎಂದು ತಿಳಿಯಬೇಡ. ನೀನೇ ಹೇಳುತ್ತೀ ಎಂದು ಕಾಯುತ್ತಿದ್ದೇನೆ, ಅಷ್ಟೆ.

ಫರ್ಹಾನ


ಅಳದಂಗಡಿ
೫ ಸೆಪ್ಟೆಂಬರ್ ೨೦೨೪

ಪ್ರೀತಿಯ ಫರ್ಹಾನ,

ಅಮಾನತಿನ ಆದೇಶ ನಿನಗೆ ತಲುಪಿರಬಹುದು. ಅದರ ಕೆಳಗೆ ನನ್ನ ಸಹಿ ಇರುವುದನ್ನೂ ನೋಡಿರಬಹುದು. ಮುಖ್ಯ ಶಿಕ್ಷಕಿಯ ಸಹಿ ಇಲ್ಲದೆ ಹೋಗುವುದಿಲ್ಲ ಎಂದರು. ಅಮ್ಮನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಏನು ಬರೆದರೂ ಸರಿಯಾಗುವುದಿಲ್ಲ.

ಅದರ ಜೊತೆಗೆ ಎಲ್ಲ ಶಿಕ್ಷಕರಿಗೂ ಒಂದು ಸುತ್ತೋಲೆ ಬಂದಿದೆ. ಪಾಠಪುಸ್ತಕದಲ್ಲಿ ಅಚ್ಚಾಗಿರುವುದನ್ನು ಬಿಟ್ಟು ಬೇರೆ ಹೇಳಬಾರದು. ಜಾತಿಯ ವಿಷಯ, ಮಕ್ಕಳ ಮನೆಯ ಆಚಾರದ ವಿಷಯ ತರಗತಿಯಲ್ಲಿ ಎತ್ತಬಾರದು. ಹೊರಗಿನವರನ್ನು ಕರೆಸಬಾರದು. ಮಕ್ಕಳು ಕೇಳಿದರೆ ‘ಅದು ಹಿಂದಿನ ಕಾಲದ ಮಾತು’ ಎಂದು ಮುಂದಿನ ಪಾಠಕ್ಕೆ ಹೋಗಬೇಕು. ಇದನ್ನು ಸಿಬ್ಬಂದಿ ಕೋಣೆಯಲ್ಲಿ ಓದಿ ಹೇಳಿದ್ದೂ ನಾನೇ. ಜುಲೈಕಾ ಟೀಚರು ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು.

ನಿನ್ನ ಒಂಬತ್ತನೇ ತರಗತಿಯನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅಮೆರಿಕದ ಆ ಪುಟಗಳನ್ನು ಮನೆಯಲ್ಲಿ ಓದಿಕೊಳ್ಳಿ ಎಂದುಬಿಟ್ಟೆ. ಅವರು ಏನೂ ಕೇಳಲಿಲ್ಲ. ಮೊದಲೆಲ್ಲ ನಿನ್ನ ಪೀರಿಯಡ್ ಮುಗಿದರೆ ಗದ್ದಲ ನನ್ನ ಕೋಣೆಯವರೆಗೆ ಕೇಳುತ್ತಿತ್ತು. ಈಗ ಕೈಕಟ್ಟಿ ಕೂರುತ್ತಾರೆ. ಇಷ್ಟು ಶಿಸ್ತಿನ ತರಗತಿ ನನಗೆ ಬೇಕಾಗಿರಲಿಲ್ಲ.

ಇವತ್ತು ಶಿಕ್ಷಕರ ದಿನ. ಮಕ್ಕಳು ಗುಲಾಬಿ ಕೊಟ್ಟರು, ನಾನು ತೆಗೆದುಕೊಂಡೆ. ನನ್ನನ್ನು ಬೈದಾದರೂ ಒಂದು ಪತ್ರ ಬರೆ.

ಶುಭಾ


ಅಳದಂಗಡಿ
೧೭ ನವೆಂಬರ್ ೨೦೨೪

ಫರ್ಹಾನ,

ಎರಡು ತಿಂಗಳಾಯಿತು, ನಿನ್ನ ಉತ್ತರವಿಲ್ಲ. ಬಿ.ಸಿ. ರೋಡಿನಲ್ಲಿ ನಿನ್ನ ಬಾಪನ ಅಂಗಡಿಯ ಮುಂದೆ ಬಸ್ಸು ನಿಂತಾಗ ಇಣುಕಿ ನೋಡಿದೆ. ಕೊಡೆಗಳನ್ನು ಒಳಗೆ ಕಟ್ಟಿ ಇಡುತ್ತಿದ್ದರು. ಇಳಿಯಲು ಧೈರ್ಯ ಬರಲಿಲ್ಲ.

ಕೆಲಸ ಖಾಯಂ ಆಯಿತು. ನಿನಗೆ ಹೇಳದೆ ಇರುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ, ಕೇಳಿದರೆ ನಿನಗೂ ಸಮಾಧಾನವಾಗಬಹುದು. ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ. ಆ ವಿಡಿಯೋದಿಂದ ಶಾಲೆಗೆ ಬಂದ ಕೆಟ್ಟ ಹೆಸರು ಅಳಿಸಬೇಕು, ನಮ್ಮಲ್ಲಿ ಎಲ್ಲ ಸಮಾಜದವರಿಗೂ ಗೌರವ ಉಂಟೆಂದು ತೋರಿಸಬೇಕು ಎಂದು ಪರಮೇಶ್ವರಣ್ಣ ಹೇಳಿದರು. ಪೇಟೆಯಿಂದ ಶಾಲೆಯವರೆಗೆ ಮೆರವಣಿಗೆ ಮಾಡುವುದಂತೆ. ಯಕ್ಷಗಾನದ ವೇಷ, ಮುಸ್ಲಿಮರ ದಫ್, ಹುಲಿವೇಷ ಎಲ್ಲ ಇರುತ್ತದೆ. ಎಲ್ಲಕ್ಕಿಂತ ಮುಂದೆ ಕೊರಗರ ಡೋಲು. ಸೇಸಮ್ಮನ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಅವಳ ಮಗ, ಮತ್ತೆ ಅವನ ಜೊತೆಯವರು ಬರುತ್ತಾರೆ. ಸೇಸಮ್ಮ ನನ್ನನ್ನೇ ನೋಡುತ್ತ ಕೂತಿದ್ದಳು, ವಯಸ್ಸಾಯಿತು ನೋಡು.

ಶಾಲೆಗೇ ಬರಬಾರದು ಎನ್ನಿಸಿಕೊಂಡವರನ್ನು ಮೆರವಣಿಗೆಯ ಮುಂದೆ ನಿಲ್ಲಿಸುತ್ತಿದ್ದೇನೆ. ಇಷ್ಟಾದರೂ ಒಳಗೆ ಇದ್ದದ್ದಕ್ಕೆ ಆಯಿತಲ್ಲ.

ನಿನ್ನ,
ಶುಭಾ


ಪಾಣೆಮಂಗಳೂರು
೨೨ ನವೆಂಬರ್ ೨೦೨೪

ಶುಭಾ,

ಬೇಡ. ಅವರನ್ನು ಡೋಲು ಹೊರಿಸಿ ಕರೆಯಬೇಡ.

ಇದು ಯಾಕೆ ಬೇಡವೆಂದು ನನಗೆ ಕಲಿಸಿದವಳು ನೀನು. ದೊಡ್ಡವರು ಹೇಳಿ ಕಳಿಸುವುದು, ಅವರು ಇಲ್ಲ ಅನ್ನಲಾಗದೆ ಬರುವುದು, ಎಲ್ಲರಿಗಿಂತ ಮುಂದೆ ಬಡಿಯುತ್ತ ನಡೆದು ಎಲ್ಲರಿಂದ ಬೇರೆ ಕೂತು ಉಣ್ಣುವುದು. ಇದಕ್ಕೇ ಅಲ್ಲವೇ ಅಜಲು ಎನ್ನುವುದು? ಅವರು ಅವರ ಸಂತೋಷಕ್ಕೆ, ಅವರ ಅಂಗಳದಲ್ಲಿ ಬಡಿದರೆ ಅದು ಬೇರೆ. ಟ್ರಸ್ಟಿನವರಿಗೆ ಗೊತ್ತಿಲ್ಲದೆ ಇರಬಹುದು, ಅವರು ಅದನ್ನು ಯಾರೂ ಹೇಳದ ಹಾಗೆ ಮಾಡಿಕೊಂಡವರು. ನಿನಗೆ ಗೊತ್ತಿದೆ.

ಅಷ್ಟು ಗೌರವ ಕೊಡಬೇಕೆಂದಿದ್ದರೆ ಸೇಸಮ್ಮನವರನ್ನು ವೇದಿಕೆಗೆ ಕರೆ. ಕುರ್ಚಿ ಹಾಕು, ಮೈಕ್ ಕೊಡು. ಅದು ಸುತ್ತೋಲೆಗೆ ವಿರೋಧ ಅನ್ನುತ್ತೀ. ಹಾಗಾದರೆ ಏನೂ ಮಾಡದೆ ಸುಮ್ಮನಿರು.

ನಿನ್ನ ಮೇಲಿನ ಸಿಟ್ಟಿನಿಂದ ಇಷ್ಟು ದಿನ ಪತ್ರ ಬರೆದಿರಲಿಲ್ಲ. ಇದನ್ನು ಹೆದರಿ ಬರೆಯುತ್ತಿದ್ದೇನೆ.

ಫರ್ಹಾನ


ಅಳದಂಗಡಿ
೧೮ ಡಿಸೆಂಬರ್ ೨೦೨೪

ಫರ್ಹಾನ,

ನಿನ್ನ ಪತ್ರ ಮೊದಲೇ ಸಿಕ್ಕಿತ್ತು. ಸಿಗಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ. ಆಮಂತ್ರಣ ಅಚ್ಚಾಗಿತ್ತು. ಒಂದು ದಿನದ ಕಾರ್ಯಕ್ರಮ, ಹೇಗೋ ದಾಟಿಹೋಗಲಿ ಎಂದುಕೊಂಡೆ.

ಮೆರವಣಿಗೆ ಚೆನ್ನಾಗಿಯೇ ಬಂತು. ಡೋಲಿನವರು ಪೇಟೆಯಿಂದಲೇ ಬಡಿಯುತ್ತ ಬಂದರು, ಬಿಸಿಲು ಜೋರಿತ್ತು. ಊಟದ ಹೊತ್ತಿಗೆ ಸಭಾಭವನದಲ್ಲಿ ಎಲೆ ಹಾಕಿತ್ತು. ಅಡುಗೆಯ ಉಸ್ತುವಾರಿ ನೋಡುವವರು ಬಂದು, “ಟೀಚರ್, ಡೋಲಿನವರಿಗೆ ಎಲ್ಲಿ?” ಎಂದು ಕೇಳಿದರು. ಒಳಗೆ ಹಾಕಿ ಎಂದೆ. “ಕೆಲವರು ಎದ್ದು ಹೋಗ್ತಾರೆ ಟೀಚರ್, ಗಲಾಟೆ ಬೇಡ” ಎಂದರು. ಅತಿಥಿಗಳು ಬಂದಾಗಿತ್ತು, ಪರಮೇಶ್ವರಣ್ಣ ಕೈ ಮಾಡಿ ಕರೆಯುತ್ತಿದ್ದರು. ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದು ನಾನು ಹೊರಟೆ.

ಸೈಕಲ್ ಶೆಡ್ಡಿನ ಹಿಂದೆ ಹಾಕಿದ್ದಾರೆ. ನಾನು ಕೈ ತೊಳೆಯಲು ಹೋದಾಗ ನೋಡಿದೆ. ಅಜ್ಜಿಮನೆಯ ಹಟ್ಟಿಯ ಆಚೆ ಹೇಗೆ ಕೂರುತ್ತಿದ್ದರೋ ಹಾಗೆಯೇ ಕೂತಿದ್ದರು. ಸೇಸಮ್ಮನ ಮಗ ನನ್ನನ್ನು ಕಂಡು ತಿನ್ನುವುದನ್ನು ನಿಲ್ಲಿಸಿದ. ನಾನು ನೀರು ಬಿಟ್ಟು, ಕೈ ತೊಳೆದು ಬಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸೇಸಮ್ಮನ ಮೊಮ್ಮಗ ಶೋಧನ್ ಮಂಗಳೂರಿನಲ್ಲಿ ಕಾನೂನು ಓದುವವನು, ನಿನಗೆ ಗೊತ್ತಲ್ಲ. ಅವನು ಫೋಟೋ ತೆಗೆದಿದ್ದಾನೆ. ಅಜಲು ನಿಷೇಧದ ಕಾಯ್ದೆಯಡಿ ದೂರು ಕೊಟ್ಟಿದ್ದಾನೆ. ಜನವರಿಯಲ್ಲಿ ಅಧಿಕಾರಿ ಬಂದು ವಿಚಾರಣೆ ಮಾಡುತ್ತಾರಂತೆ. ಟ್ರಸ್ಟಿನಲ್ಲಿ ಎಲ್ಲರೂ ಈಗ ನನ್ನ ಕಡೆ ಬೆರಳು ತೋರಿಸುತ್ತಾರೆ. ಕರೆಯಲು ಹೋದದ್ದು ನಾನು, ಊಟದ ಜವಾಬ್ದಾರಿಯೂ ನನ್ನದು. ಜೈಲಿಗೂ ಹಾಕಬಹುದು ಎಂದು ಹರಿಪ್ರಸಾದ್ ಎಲ್ಲಿಂದಲೋ ಕೇಳಿಕೊಂಡು ಬಂದು ಅನ್ನ ನೀರು ಬಿಟ್ಟು ಕೂತಿದ್ದಾರೆ.

ನೀನು ಒಂದು ಮಾತು ಹೇಳಿದರೆ ನಾನು ಉಳಿದುಕೊಳ್ಳುತ್ತೇನೆ. ಆ ಪಾಠವನ್ನು ನಾವಿಬ್ಬರೂ ಸೇರಿ ಮಾಡಿದ್ದು, ಅಜಲಿನ ವಿರುದ್ಧ ಮಕ್ಕಳಿಗೆ ಕಲಿಸಬೇಕೆಂದು ಮೊದಲು ಹೇಳಿದವಳು ನಾನು ಎಂದು ಅಧಿಕಾರಿಯ ಮುಂದೆ ಹೇಳು. ಅದು ಸತ್ಯವೇ ತಾನೇ? ಅಂಥವಳು ಬೇಕೆಂದು ಅವಮಾನ ಮಾಡುತ್ತಾಳೆಯೇ ಎಂದು ಅವರಿಗೂ ಅನ್ನಿಸುತ್ತದೆ. ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಶುಭಾ


ಪಾಣೆಮಂಗಳೂರು
೨೬ ಡಿಸೆಂಬರ್ ೨೦೨೪

ಶುಭಾ,

ನಿನ್ನ ಪತ್ರ ಬಂದ ಮರುದಿನವೇ ಪರಮೇಶ್ವರಣ್ಣ ಬಾಪನ ಅಂಗಡಿಗೆ ಬಂದಿದ್ದರು. ನಾನೂ ಅಲ್ಲೇ ಇದ್ದೆ, ಈಗ ಬಿಲ್ಲು ಬರೆಯುವವಳು ನಾನೇ. ಅಬ್ದುಲ್ ಸಲಾಂ ಸಾಹೇಬರೇ ಎಂದು ಬಾಪನಿಗೆ ಕೈ ಮುಗಿದು ಸ್ಟೂಲಿನಲ್ಲಿ ಕೂತು ಚಾ ಕುಡಿದರು. ಬಾಪ ಪಾಪ, ಗ್ಲಾಸನ್ನು ಮತ್ತೆ ಮತ್ತೆ ತೊಳೆದು ಕೊಟ್ಟರು.

“ನಡೆದದ್ದು ನಡೆದು ಹೋಯ್ತು ಟೀಚರ್. ಹೊಸ ವರ್ಷಕ್ಕೆ ನೀವು ಪುನಃ ಡ್ಯೂಟಿಗೆ ಬನ್ನಿ. ಬಾಕಿ ಸಂಬಳವೂ ಬರ್ತದೆ. ಆ ಸೇಸಮ್ಮನ ಪಾಠ ನಮ್ಮ ಶಾಲೆಯದ್ದೇ ಕಾರ್ಯಕ್ರಮ ಅಂತ ಒಂದು ಮಾತು ಅಧಿಕಾರಿಯ ಹತ್ರ ಹೇಳಿ. ನಮ್ಮ ಟ್ರಸ್ಟು ಅಜಲಿಗೆ ಮೊದಲಿಂದಲೂ ವಿರೋಧ ಅಲ್ವಾ” ಎಂದರು. ಯಾವ ಪೀರಿಯಡ್‌ಗಾಗಿ ನನ್ನನ್ನು ಮನೆಗೆ ಕಳಿಸಿದರೋ ಅದೇ ಪೀರಿಯಡ್ ಈಗ ಅವರಿಗೆ ಬೇಕು. ನನಗೆ ನಗು ಬಂತು. ಬಾಪನ ಮುಖ ನೋಡಿ ನಗಲಿಲ್ಲ. “ಸುತ್ತೋಲೆ ವಾಪಸ್ ತೆಗೀತೀರಾ ಸರ್?” ಎಂದು ಕೇಳಿದೆ. “ಅದು ಆಮೇಲೆ ನೋಡುವ” ಎಂದರು.

ಈಗ ನಿನ್ನ ಮಾತಿಗೆ ಬರುತ್ತೇನೆ. ಆಗಸ್ಟಿನಲ್ಲಿ ನೀನು ಇದನ್ನೇ ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಉಳಿಯದಿದ್ದರೆ ಇ‌ಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಆಗ ಬೇಡವಾಗಿದ್ದ ಸತ್ಯ ಈಗ ನಿನಗೆ ಬೇಕಾಗಿದೆ, ಇದನ್ನು ಓದಿ ನನಗೆ ಎಷ್ಟು ಉರಿಯಿತು ಎಂದರೆ ಪತ್ರವನ್ನು ಮಡಚಿ ಅಕ್ಕಿ ಡಬ್ಬಿಯ ಹಿಂದೆ ಎಸೆದೆ. ಆಮೇಲೆ ನಾನೇ ಹುಡುಕಿ ತೆಗೆದೆ.

ಆದರೆ ನೀನು ಸರಿಯಾಗಿ ಯೋಚಿಸಿದ್ದೀಯಾ? ನೀನೇ ನನಗೆ ಕಲಿಸಿದ್ದು ಎಂದು ನಾನು ಹೇಳಿದರೆ, ಡೋಲು ಏನು, ಬೇರೆ ಎಲೆ ಏನು ಎಂಬುದು ನಿನಗೆ ಮೊದಲೇ ಗೊತ್ತಿತ್ತು ಎಂದಾಗುತ್ತದೆ. ಗೊತ್ತಿಲ್ಲದೆ ಮಾಡಿದವರಿಗೆ ಒಂದು ದಾರಿ ಇದೆ. ಗೊತ್ತಿದ್ದು ಮಾಡಿದವರಿಗೆ ಇಲ್ಲ. ಇದನ್ನು ಯಾರಾದರೂ ವಕೀಲರ ಹತ್ತಿರ ಕೇಳು.

ಫರ್ಹಾನ


ಅಳದಂಗಡಿ
೧ ಜನವರಿ ೨೦೨೫

ಫರ್ಹಾನ,

ಬೆಳ್ತಂಗಡಿಯ ವಕೀಲರನ್ನು ಕೇಳಿದೆ. ನೀನು ಬರೆದದ್ದೇ ಸರಿ. ನನಗೆ ಇಂಥದ್ದೊಂದು ನಿಷೇಧ ಇದೆ ಎಂಬುದೇ ತಿಳಿದಿರಲಿಲ್ಲ, ಊರಿನ ಕಲೆ ಎಂದು ಕರೆದೆ, ಊಟದ ವಿಷಯ ಅಡುಗೆಯವರು ಮಾಡಿದ್ದು. ಹೀಗೆ ಹೇಳಿದರೆ ಎಚ್ಚರಿಕೆ ಕೊಟ್ಟು ಬಿಡಬಹುದಂತೆ.

ಆದ್ದರಿಂದ ಹಿಂದಿನ ಪತ್ರದಲ್ಲಿ ಕೇಳಿದ್ದನ್ನು ಮರೆತುಬಿಡು. ಆ ಪಾಠ ನಿನ್ನೊಬ್ಬಳದೇ ಎಂದು ಹೇಳು. ಮೂಡುಬಿದಿರೆಯಲ್ಲಿ ಹೇಳಿದ ಹಾಗೆಯೇ. ಹೊಸದಾಗಿ ಸುಳ್ಳು ಹೇಳಬೇಕಾಗಿಲ್ಲ, ಆವತ್ತು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರೆ ಸಾಕು. ಸೇಸಮ್ಮನ ಮನೆಗೆ ನಾವು ಹೋದದ್ದನ್ನು ಅವಳು ಎತ್ತಲಾರಳು, ಅಮ್ಮನ ಮನೆಯ ಕಾಲದಿಂದ ನನ್ನನ್ನು ಬಲ್ಲವಳು.

ನಾನು ಎಷ್ಟು ಸಣ್ಣವಳಾಗಿದ್ದೇನೆ ಎಂದು ನನಗೆ ಗೊತ್ತು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವಳ ಅಮ್ಮನ ಹೆಸರು ಪೊಲೀಸ್ ಸ್ಟೇಷನ್ನಿನಲ್ಲಿ ಬರುವುದು ಬೇಡ. ಒಂದೇ ಬಕೆಟಿನ ಋಣಕ್ಕಾದರೂ ಇಷ್ಟು ಮಾಡು.

ಶುಭಾ


ಪಾಣೆಮಂಗಳೂರು
೧೦ ಜನವರಿ ೨೦೨೫

ಪ್ರಿಯ ಶುಭಾ,

ನಿನ್ನೆ ಬೆಳ್ತಂಗಡಿಯಲ್ಲಿ ನನ್ನ ಹೇಳಿಕೆ ತೆಗೆದುಕೊಂಡರು. ನಿನ್ನ ಸರದಿ ಮುಂದಿನ ವಾರ ಎಂದು ತಿಳಿಯಿತು. ನಾನು ಏನು ಹೇಳಿದೆ ಎಂಬುದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ, ಅಳದಂಗಡಿಗೆ ನಾನೇ ಬಂದು ಅಮ್ಮನ ಕೈಯಲ್ಲಿ ಕೊಡುತ್ತೇನೆ.

ಕಚೇರಿಯ ಹೊರಗಿನ ಬೆಂಚಿನಲ್ಲಿ ಸೇಸಮ್ಮ ಕೂತಿದ್ದರು, ಶೋಧನ್ ಜೊತೆಗಿದ್ದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಸ್ಕೂಟರಿನಲ್ಲಿ ಇಬ್ಬರು ಬಂದದ್ದಾ ಅಂತ ನನ್ನ ಹತ್ತಿರ ಕೇಳಿದ್ರೆ ಹೌದು ಅಂತೇನೆ. ಕೇಳದಿದ್ರೆ ನಾನಾಗಿ ಹೇಳುವುದಿಲ್ಲ. ಶುಭಕ್ಕ ಚಿಕ್ಕದಿರುವಾಗ ಅಜ್ಜಿಗೆ ಕಾಣದ ಹಾಗೆ ನನಗೆ ಬೆಲ್ಲ ತಂದು ಕೊಡ್ತಿತ್ತು. ನೀವು ಎಂಥ ಹೇಳ್ತೀರಿ ಅಂತ ನೀವೇ ನೋಡಿಕೊಳ್ಳಿ” ಎಂದರು. ಅವರನ್ನು ಒಳಗೆ ಕರೆದು ಮೆರವಣಿಗೆಯ ವಿಷಯ ಮಾತ್ರ ಕೇಳಿದರು. ಸ್ಕೂಟರಿನ ಮಾತು ಬರಲಿಲ್ಲ. ಅಂದರೆ ನಾನು ಸುಳ್ಳು ಹೇಳಿದ್ದರೂ ನಡೆಯುತ್ತಿತ್ತು. ಇದು ನಿನಗೆ ತಿಳಿದಿರಲಿ, ಬೇರೆ ದಾರಿಯಿಲ್ಲದೆ ನಾನು ಹೇಳಿದ್ದಲ್ಲ.

ಹೇಳುವುದು ಬೇಡ ಎಂದೇ ಮನೆಯಿಂದ ಹೊರಟಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನ್ನ ಮಗಳ ಮುಖ ಕಣ್ಣೆದುರು ಇತ್ತು. ನಿನ್ನ ಮೇಲೆ ನನಗೆ ಈಗ ಸಿಟ್ಟೂ ಇಲ್ಲ, ಸುಸ್ತಾಗಿದೆ ಅಷ್ಟೆ.

“ಆ ಪಾಠ ಶಾಲೆಯದ್ದೇ ಕಾರ್ಯಕ್ರಮ ಅಂತ ಟ್ರಸ್ಟಿನವರು ಹೇಳ್ತಾರೆ. ಹೌದಾ?” ಎಂದು ಅಧಿಕಾರಿ ಕೇಳಿದರು. ಅಲ್ಲ ಎಂದೆ. ಅದಕ್ಕಾಗಿ ನನ್ನನ್ನು ಅಮಾನತು ಮಾಡಿದ್ದನ್ನೂ ಸುತ್ತೋಲೆಯನ್ನೂ ಹೇಳಿದೆ. ಪರಮೇಶ್ವರಣ್ಣ ಕೊಡುತ್ತೇನೆಂದ ಕೆಲಸ ಅಲ್ಲಿಗೆ ಮುಗಿಯಿತು. ನಿನ್ನೆ ಸಂಜೆಯೇ ಬಾಪನಿಗೆ ಫೋನ್ ಬಂದಿದೆ.

“ಹಾಗಾದ್ರೆ ಪಾಠ ಯಾರದು? ನಿಮ್ಮೊಬ್ಬರದಾ?” ಎಂದು ಕೇಳಿದರು.

ಮೂಡುಬಿದಿರೆಯಲ್ಲಿ ಈ ಪ್ರಶ್ನೆಗೆ ನಾನೇ ಎಂದಿದ್ದೆ. ಅದರಿಂದ ಏನಾಯಿತು ಎಂದು ನೋಡಿಕೊಂಡೆ. ಊರಿನವರ ಬಾಯಲ್ಲಿ ಅದು ಒಬ್ಬಳು ಬ್ಯಾರಿ ಟೀಚರ್ ನಡೆಸಿದ ಕಿತಾಪತಿ ಎಂದಾಯಿತು. ಸೇಸಮ್ಮ ಆ ಕುರ್ಚಿಯಲ್ಲಿ ಕೂತು ಹೇಳಿದ ಒಂದು ಮಾತೂ ಯಾರ ನೆನಪಿನಲ್ಲೂ ಇಲ್ಲ, ನನ್ನ ಶಾಲು ಮಾತ್ರ ಇದೆ. ನಾಳೆ ಇನ್ನು ಯಾವ ಟೀಚರು ಬಾಯಿ ತೆರೆದರೂ ಹೊರಗಿನವರ ಮಾತು ಎಂದು ಮುಚ್ಚಿಸುತ್ತಾರೆ. ಆದರೆ ಆ ಪಾಠ ಹೊರಗಿನಿಂದ ಬಂದದ್ದಲ್ಲವಲ್ಲ ಶುಭಾ. ಅಳದಂಗಡಿಯ ದೊಡ್ಡ ಮನೆಯ ಮೊಮ್ಮಗಳು ಕಣ್ಣಾರೆ ಕಂಡು, ಮನಸ್ಸಿನಲ್ಲೇ ಇಟ್ಟುಕೊಂಡು, ಇದನ್ನು ಮಕ್ಕಳಿಗೆ ಹೇಳಲೇಬೇಕು ಎಂದು ತಾನಾಗಿ ಹೊರಟ ಪಾಠ ಅದು. ನಿನ್ನನ್ನು ಅದರಿಂದ ತೆಗೆದುಹಾಕಿದರೆ ಪಾಠವೇ ಸುಳ್ಳಾಗುತ್ತದೆ.

“ನಮ್ಮಿಬ್ಬರದು, ನನ್ನದೂ ಶುಭಶ್ರೀ ಟೀಚರದೂ. ಮೊದಲು ಅವರದು” ಎಂದೆ.

ಅಧಿಕಾರಿ ತಲೆ ಎತ್ತಿದರು. “ಅಂದ್ರೆ ಮುಖ್ಯ ಶಿಕ್ಷಕಿಗೆ ಇದೆಲ್ಲ ಗೊತ್ತಿತ್ತು?”

ಗೊತ್ತಿತ್ತು ಎಂದೆ. ಆ ಶಾಲೆಯಲ್ಲಿ ಅವರಷ್ಟು ಚೆನ್ನಾಗಿ ತಿಳಿದವರು ಬೇರೆ ಯಾರೂ ಇಲ್ಲ, ನಾನು ಕಂಡ ಟೀಚರುಗಳಲ್ಲಿ ಎಲ್ಲರಿಗಿಂತ ಒಳ್ಳೆಯ ಟೀಚರು ಅವರು ಎಂದೂ ಹೇಳಿದೆ. ಅದನ್ನೂ ಅಧಿಕಾರಿ ಬರೆದುಕೊಂಡರು.

ನಿನ್ನ,
ಫರ್ಹಾನ